ಮೊದಲು ಕಾರ್ಡು, ಆಮೇಲೆ ಕಾಗದ

ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಆಗಲೇ ಬೆಲ್ಟಿನ ಮೇಲೆ ಸಾಗಿ ಗಲ್ಲಾದ ಆಚೆ ಬದಿಗೆ ಹೋಗಿ ಕೂತಿತ್ತು. ಅದರ ಹಿಂದೆ ಹುಣಸೆಹಣ್ಣಿನ ಪೊಟ್ಟಣ, ಎರಡು ಕಟ್ಟು ಕರಿಬೇವು, ನಾಲ್ಕು ತೆಂಗಿನಕಾಯಿ, ಅಮ್ಮ ಹಟ ಹಿಡಿದು ಹಾಕಿಸಿದ ಅವರೆಕಾಳಿನ ಫ್ರೋಜನ್ ಪ್ಯಾಕೆಟ್ಟು. ನ್ಯೂಜೆರ್ಸಿಯ ಓಕ್ ಟ್ರೀ ರಸ್ತೆ, ಶನಿವಾರದ ಸಂಜೆ. ನಮ್ಮ ಹಿಂದೆ ಏಳೆಂಟು ತಳ್ಳುಗಾಡಿಗಳು. ಭಾವ ಕಾರ್ಡು ತೂರಿಸಿದರು. ಯಂತ್ರ ಒಂದು ಕ್ಷಣ ಸುಮ್ಮನಿದ್ದು ಕೀಂ ಅಂದಿತು. ಗಲ್ಲಾದ ಹುಡುಗಿ ತಲೆ ಎತ್ತದೆಯೇ ಬೇರೆ ಕಾರ್ಡ್ ಇದೆಯಾ ಅಂಕಲ್ ಎಂದಳು. ಭಾವ ಇನ್ನೊಂದು ತೆಗೆದರು. ಅದಕ್ಕೂ ಕೀಂ. ಎರಡೂ ಒಂದೇ ಕಂಪನಿಯವು. ಒಂದು ದಿನಸಿಗೆ, ಇನ್ನೊಂದು ವಿಮಾನದ ಟಿಕೆಟ್ಟಿಗೆ ಎಂದು ಮಾಡಿಸಿಕೊಂಡದ್ದು. ಅಕ್ಕ ತನ್ನ ಕಾರ್ಡು ಕೊಟ್ಟಳು. ಅದು ಭಾವನ ಖಾತೆಯದ್ದೇ ಬಾಲ. ಕೀಂ.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಡೆಬಿಟ್ ಕಾರ್ಡು ಮನೆಯ ಡ್ರಾಯರಿನಲ್ಲಿ ಮಲಗಿ ಎಷ್ಟೋ ವರ್ಷವಾಗಿತ್ತು.

“ಎಷ್ಟಾಯ್ತಂತೆ?” ಅಮ್ಮ ಕೇಳಿದಳು.

ನೂರ ಹನ್ನೆರಡು ಡಾಲರು ನಲವತ್ತು ಸೆಂಟು. ಅಮ್ಮ ಸೊಂಟದಿಂದ ಬಟ್ಟೆಯ ಪರ್ಸು ತೆಗೆದು, ಊರಿಂದ ಬಂದ ದಿನ ಅಕ್ಕ ಕೈಖರ್ಚಿಗೆ ಇರಲಿ ಎಂದು ಕೊಟ್ಟಿದ್ದ ಇಪ್ಪತ್ತರ ನೋಟುಗಳಲ್ಲಿ ಆರನ್ನು ಎಣಿಸಿ ಗಲ್ಲಾದ ಮೇಲಿಟ್ಟಳು. ಬಂದ ಚಿಲ್ಲರೆ ಏಳು ಡಾಲರು ಅರವತ್ತು ಸೆಂಟು ವಾಪಸು ಸೊಂಟಕ್ಕೆ ಹೋಯಿತು. ಅರಸೀಕೆರೆಯ ಸಂತೆಯಲ್ಲಿ ನಿಂತವಳಿಗೂ ಇವಳಿಗೂ ಆ ಹೊತ್ತಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಕಾರಿನಲ್ಲಿ ಭಾವ ಸ್ಟಿಯರಿಂಗು ಹಿಡಿದು ಸುಮ್ಮನೆ ಕೂತರು. ಮೊಬೈಲಿನ ಆ್ಯಪಿನಲ್ಲಿ ಎರಡು ಸಾಲು: ನಿಮ್ಮ ಖಾತೆಗಳು ಪರಿಶೀಲನೆಯಲ್ಲಿವೆ, ಈ ಸಂಖ್ಯೆಗೆ ಕರೆ ಮಾಡಿ. “ಹನ್ನೊಂದು ವರ್ಷ ಕಣಯ್ಯ, ಒಂದು ದಿನ ಲೇಟ್ ಮಾಡಿಲ್ಲ” ಎಂದರು ನನಗೆ. ದುಡ್ಡಿಲ್ಲದೆ ಅವಮಾನವಾದರೆ ಅದಕ್ಕೊಂದು ಕಾರಣವಾದರೂ ಇರುತ್ತದೆ. ದುಡ್ಡಿದ್ದೂ ಅವಮಾನವಾದವರ ಮುಖ ಹೇಗಿರುತ್ತದೆ ಎಂದು ನಾನು ನೋಡಿದ್ದು ಅಂದೇ.

ಕಂಪನಿ ಯಾವುದೆಂಬುದು ಇಲ್ಲಿ ಬೇಡ. ಅಮೆರಿಕದಲ್ಲಿ ಕಾರ್ಡು ಕೊಡುವ ಬಹುತೇಕರ ಕರಾರುಪತ್ರದಲ್ಲಿ, ಯಾವಾಗ ಬೇಕಾದರೂ ನಿಮ್ಮ ಹಣಕಾಸು ಪರಿಶೀಲಿಸಬಹುದು, ಮಿತಿ ಇಳಿಸಬಹುದು, ಖಾತೆ ನಿಲ್ಲಿಸಬಹುದು ಎನ್ನುವ ಅರ್ಥದ ಸಾಲು ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ‘ಫೈನಾನ್ಷಿಯಲ್ ರಿವ್ಯೂ’ ಎಂಬ ಹೆಸರು ಹೆಚ್ಚಾಗಿ ಓಡಾಡುವುದು ಅಮೆರಿಕನ್ ಎಕ್ಸ್‌ಪ್ರೆಸ್ ಗ್ರಾಹಕರ ಬಾಯಲ್ಲಿ. ಅದಕ್ಕೊಂದು ಕಾರಣವೂ ಇದೆ. ಆ ಕಂಪನಿ 1850ರಲ್ಲಿ ಹುಟ್ಟಿದ್ದು ಪಾರ್ಸೆಲ್ ಸಾಗಿಸಲು. 1958ರಲ್ಲಿ ಕಾರ್ಡಿಗೆ ಕೈಹಾಕಿತು. ಅದರ ಹಳೆಯ ಚಾರ್ಜ್ ಕಾರ್ಡುಗಳಿಗೆ ಮೊದಲೇ ಗೊತ್ತುಮಾಡಿದ ಖರ್ಚಿನ ಮಿತಿಯೇ ಇರುತ್ತಿರಲಿಲ್ಲ. ಮಿತಿ ಇಲ್ಲವೆಂದರೆ ಎಷ್ಟು ಬೇಕಾದರೂ ಬಳಿಯಬಹುದು ಎಂದಲ್ಲ. ಎಷ್ಟು ಎನ್ನುವುದನ್ನು ಕಂಪನಿ ಒಳಗೊಳಗೇ ದಿನಾ ಲೆಕ್ಕ ಹಾಕುತ್ತಿರುತ್ತದೆ ಎಂದು. ವೀಸಾ, ಮಾಸ್ಟರ್‌ಕಾರ್ಡುಗಳು ಬರೀ ದಾರಿ. ಸಾಲ ಕೊಡುವ ಬ್ಯಾಂಕು ಬೇರೆ. ಇಲ್ಲಿ ದಾರಿಯೂ ಅವರದೇ, ಬಹುಪಾಲು ಸಾಲವೂ ಅವರದೇ. ಹಾಗಾಗಿ ದಿಗಿಲೂ ಅವರದೇ.

ಮರುದಿನ ಊಟದ ಮೇಜಿನ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿ ಭಾವ ಕೂತರು. ಇಪ್ಪತ್ತೈದು ನಿಮಿಷ ಪಿಟೀಲು. ಆಮೇಲೆ ಬಂದ ಹೆಂಗಸಿನ ದನಿ ಬಲು ಸೌಜನ್ಯದ್ದು. ವರ್ಷದ ಆದಾಯ ಎಷ್ಟು, ಕೆಲಸ ಎಲ್ಲಿ, ಎಷ್ಟು ವರ್ಷದಿಂದ, ಮನೆ ಸ್ವಂತದ್ದೋ ಬಾಡಿಗೆಯದೋ, ಕಂತು ಎಷ್ಟು, ಉಳಿತಾಯ ಖಾತೆಯಲ್ಲಿ ಸುಮಾರು ಎಷ್ಟಿದೆ. ಒಂದೊಂದು ಉತ್ತರಕ್ಕೂ ಒಂದು ಥ್ಯಾಂಕ್ಯೂ. ಹೆಣ್ಣು ಕೊಡುವ ಮೊದಲು ಗಂಡಿನ ಮನೆ ವಿಚಾರಿಸಲು ಬರುವ ಹಿರಿಯರು ಕೇಳುವುದೂ ಇವೇ ಪ್ರಶ್ನೆಗಳನ್ನು. ಇಲ್ಲಿ ಮಾತ್ರ ಮದುವೆಯಾಗಿ ಹನ್ನೊಂದು ವರ್ಷ ಕಳೆದಿತ್ತು.

ಕೊನೆಗೆ ಅವಳು ಒಂದು ಫಾರಂ ಈಮೇಲಿಗೆ ಬರುತ್ತದೆ, ಸಹಿ ಹಾಕಿ ಕಳಿಸಿ ಎಂದಳು. ಫಾರಂ 4506 ಎಂಬ ಸರಣಿಯದ್ದು. ಅದಕ್ಕೆ ಸಹಿ ಹಾಕಿದರೆ, ನೀವು ತೆರಿಗೆ ಇಲಾಖೆಗೆ ಸಲ್ಲಿಸಿದ ರಿಟರ್ನಿನ ಸಾರಾಂಶವನ್ನು ಸಾಲ ಕೊಟ್ಟವರು ನೇರವಾಗಿ ಇಲಾಖೆಯಿಂದಲೇ ತರಿಸಿಕೊಳ್ಳಬಹುದು. ಸಂಬಳದ ಚೀಟಿ ಕೊಡುತ್ತೇನೆ, ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡುತ್ತೇನೆ ಎಂದರು ಭಾವ. ಅದು ಬೇಡವಂತೆ. ನಿಮ್ಮ ಕೈಯಿಂದ ಬಂದ ಕಾಗದವನ್ನು ನೀವೇ ತಿದ್ದಿರಬಹುದಲ್ಲ? ಹಾಗೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಸಹಿ ಹಾಕದಿದ್ದರೆ? ಖಾತೆಗಳನ್ನು ಮುಚ್ಚಬೇಕಾಗುತ್ತದೆ. ಇದನ್ನೂ ಅಷ್ಟೇ ಸೌಜನ್ಯದಿಂದ ಹೇಳಿದಳು.

ಭಾವನಿಗೆ ಸಿಟ್ಟು ಬಂದದ್ದು ಅಲ್ಲಿ. “ಕೊಡೋವಾಗ ಒಂದು ಕಾಗದ ಕೇಳಲಿಲ್ಲ, ಈಗ ಇನ್‌ಕಂಟ್ಯಾಕ್ಸ್‌ನೋರ ಹತ್ರ ಹೋಗ್ತಾರಂತೆ.”

ಆ ಮಾತಿನಲ್ಲೇ ಇಡೀ ಕಥೆ ಇದೆ ಅನ್ನಿಸಿತು ನನಗೆ. ಬೆಂಗಳೂರಿನಲ್ಲಿ ನನಗೆ ಮೊದಲ ಕಾರ್ಡು ಬರುವಾಗ ಮೂರು ತಿಂಗಳ ಸಂಬಳದ ಚೀಟಿ, ಫಾರಂ 16, ಪ್ಯಾನು, ವಿಳಾಸದ ದಾಖಲೆ ಎಲ್ಲ ಕೊಟ್ಟಿದ್ದೆ. ಅದೂ ಸಾಲದೆ ಒಬ್ಬ ಹುಡುಗ ಬೈಕಿನಲ್ಲಿ ಬಂದು ಮನೆ ನಂಬರಿನ ಪಕ್ಕ ನನ್ನನ್ನು ನಿಲ್ಲಿಸಿ ಫೋಟೊ ತೆಗೆದುಕೊಂಡು, ಎದುರು ಮನೆಯವರನ್ನು ಇವರು ಇಲ್ಲೇ ಇರೋದಾ ಎಂದು ಕೇಳಿ ಹೋಗಿದ್ದ. ನಮ್ಮಲ್ಲಿ ಅನುಮಾನ ಮೊದಲು, ಕಾರ್ಡು ಆಮೇಲೆ. ಅಮೆರಿಕದಲ್ಲಿ ಭಾವ ತಮ್ಮ ಕಾರ್ಡು ಪಡೆದದ್ದು ಸೋಫಾ ಮೇಲೆ ಕೂತು, ಕ್ರಿಕೆಟ್ ನೋಡುತ್ತಾ. ಅರ್ಜಿಯಲ್ಲಿ ‘ವಾರ್ಷಿಕ ಒಟ್ಟು ಆದಾಯ’ ಎಂದೊಂದು ಖಾನೆ. ಅದರಲ್ಲೊಂದು ಅಂಕಿ ತುಂಬಿದರು. ಯಂತ್ರ ಅವರ ಕ್ರೆಡಿಟ್ ಸ್ಕೋರು ನೋಡಿ ಎರಡೇ ನಿಮಿಷದಲ್ಲಿ ಹೂಂ ಎಂದಿತು. ಆ ಅಂಕಿಯನ್ನು ಯಾರೂ ಪರೀಕ್ಷಿಸಲಿಲ್ಲ. 2009ರ ಮೇ ತಿಂಗಳಲ್ಲಿ ಬಂದ ‘ಕಾರ್ಡ್ ಆ್ಯಕ್ಟ್’ ಕಾನೂನು, ತೀರಿಸುವ ಶಕ್ತಿ ಇದೆಯೇ ಎಂದು ನೋಡದೆ ಕಾರ್ಡು ಕೊಡಬಾರದು, ಮಿತಿ ಏರಿಸಬಾರದು ಎಂದಿತು. ಆದರೆ ಅರ್ಜಿದಾರ ಹೇಳಿದ ಆದಾಯವನ್ನು ನಂಬಲು ಅಡ್ಡಿಯೇನಿಲ್ಲ. ಅಲ್ಲಿಗೆ, ಪರೀಕ್ಷೆ ರದ್ದಾಗಲಿಲ್ಲ. ಮುಂದಕ್ಕೆ ಹೋಯಿತು, ಅಷ್ಟೇ. ಯಾವತ್ತು ಎನ್ನುವುದು ಕಂಪನಿಯ ಇಷ್ಟ.

ಹೀಗೆ ಮೊದಲು ಕೊಟ್ಟು ಆಮೇಲೆ ಕೇಳುವ ಗುಣ ಈ ಧಂದೆಯ ಹುಟ್ಟಿನಲ್ಲೇ ಇದೆ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಎಂಬ ಊರನ್ನು ಆರಿಸಿಕೊಂಡು, ಅಲ್ಲಿನ ಸುಮಾರು 60,000 ಜನರಿಗೆ ಅಂಚೆಯಲ್ಲಿ ಕಾರ್ಡು ಕಳಿಸಿಬಿಟ್ಟಿತು. ಯಾರೂ ಅರ್ಜಿ ಹಾಕಿರಲಿಲ್ಲ. ಬೆಳಗ್ಗೆ ಪೆಟ್ಟಿಗೆ ತೆರೆದರೆ ಕರೆಂಟಿನ ಬಿಲ್ಲಿನ ಜೊತೆ ಕೆಲವು ನೂರು ಡಾಲರು ಸಾಲ! ನೂರಕ್ಕೆ ನಾಲ್ಕು ಜನ ಬಾಕಿ ಉಳಿಸಿಕೊಂಡಾರು ಎಂಬ ಅಂದಾಜಿತ್ತು, ಆದದ್ದು ಇಪ್ಪತ್ತೆರಡು. ಕಾರ್ಡು ಕದ್ದವರು, ಬಳಸಿ ಕೈಯೆತ್ತಿದವರು, ನಾನು ಕೇಳಿದ್ದೆನೇ ಎಂದು ವಾದಿಸಿದವರು. ಈ ಯೋಜನೆ ರೂಪಿಸಿದ ಅಧಿಕಾರಿ ಒಂದೂಕಾಲು ವರ್ಷದೊಳಗೆ ಕೆಲಸ ಬಿಟ್ಟ. ಆ ಕಾರ್ಡೇ ಮುಂದೆ ವೀಸಾ ಆಯಿತು. ಕೇಳದೆ ಕಾರ್ಡು ಕಳಿಸುವುದನ್ನು 1970ರಲ್ಲಿ ಕಾನೂನು ನಿಲ್ಲಿಸಿತಾದರೂ ಗುಣ ಪೂರ್ತಿ ಹೋಗಲಿಲ್ಲ.

ಭಾವನ ತಪ್ಪೇನು ಎಂದು ನಾವು ನಾಲ್ಕೂ ಜನ ಕೂತು ಪಟ್ಟಿ ಮಾಡಿದೆವು. ಬೇಸಿಗೆಗೆ ಬೆಂಗಳೂರಿಗೆ ಹೋಗಲು ನಾಲ್ಕು ಟಿಕೆಟ್ಟು, ಒಂದೇ ಬಾರಿಗೆ ಏಳು ಸಾವಿರ ಡಾಲರು. ಅದೇ ವಾರ ಮೊಮ್ಮಗಳಿಗೆಂದು ಅಮ್ಮ ಆರಿಸಿದ ಒಂದು ಜೊತೆ ಬಳೆ, ಅದೂ ಇದೇ ಓಕ್ ಟ್ರೀ ರಸ್ತೆಯಲ್ಲಿ. ಹೊಸ ಮನೆಯ ಗೃಹಪ್ರವೇಶಕ್ಕೆ ಅಡುಗೆಯವರಿಗೆ ಮುಂಗಡ. ಮಿತಿ ಮುಟ್ಟುತ್ತಿದ್ದಂತೆ ತಿಂಗಳ ನಡುವೆ ದುಡ್ಡು ಕಟ್ಟಿ, ಮತ್ತೆ ಬಳಸಿ, ಮತ್ತೆ ಕಟ್ಟಿದ್ದು. ಭಾವನ ಪ್ರಕಾರ ಇದು ಶಿಸ್ತು. ಹನ್ನೊಂದು ವರ್ಷ ಹಾಲು, ಪೆಟ್ರೋಲು, ಮಕ್ಕಳ ಬಟ್ಟೆ ಎಂದು ಒಂದೇ ಹದದಲ್ಲಿ ನಡೆದವನು ಒಂದು ತಿಂಗಳಲ್ಲಿ ಹೀಗೆ ಕುಣಿದರೆ, ಆ ಬದಿಯ ಯಂತ್ರಕ್ಕೆ ಅದು ಬೇರೆಯೇ ಕಾಣುತ್ತದೆ.

ಅಕ್ಕ ಆಗ ಇನ್ನೊಂದು ಮಾತು ತೆಗೆದಳು. ಎರಡನೇ ಕಾರ್ಡಿಗೆ ಅರ್ಜಿ ಹಾಕಿದಾಗ ಇಬ್ಬರ ಸಂಬಳವನ್ನೂ ಕೂಡಿಸಿ ಬರೆದಿದ್ದರು. ಅದು ಸುಳ್ಳಲ್ಲ. 2013ರಲ್ಲಿ ನಿಯಮ ಸಡಿಲವಾಗಿ, 21 ವರ್ಷ ದಾಟಿದವರು ತಮ್ಮ ಕೈಗೆ ನ್ಯಾಯವಾಗಿ ಸಿಗಬಹುದಾದ ಮನೆಯ ಆದಾಯವನ್ನೂ ತೋರಿಸಬಹುದು ಎಂದಾಯಿತು. ಹೊರಗೆ ದುಡಿಯದ ಗೃಹಿಣಿಗೂ ತನ್ನ ಹೆಸರಲ್ಲಿ ಕಾರ್ಡು ಸಿಗಲಿ ಎಂದು ತಂದ ನಿಯಮ. ಎಚ್-4 ವೀಸಾದಲ್ಲಿ ಗಂಡನ ಹಿಂದೆ ಬಂದು, ಎಂ.ಎಸ್ಸಿ. ಓದಿದ್ದರೂ ಕೆಲಸ ಮಾಡುವ ಹಾಗಿಲ್ಲದೆ ಮನೆಯಲ್ಲಿ ಕೂತ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ಅದರಿಂದ ಉಪಕಾರವಾಗಿದೆ. 2015ರಿಂದ ಅವರಲ್ಲಿ ಕೆಲವರಿಗೆ ಕೆಲಸದ ಪರವಾನಗಿಯೂ ಸಿಗತೊಡಗಿತು. ಅಕ್ಕ ಹಾಗೆಯೇ ಒಂದು ಆಸ್ಪತ್ರೆಯ ಲೆಕ್ಕಪತ್ರ ವಿಭಾಗ ಸೇರಿದ್ದಳು. ಪರವಾನಗಿಯ ನವೀಕರಣ ತಡವಾಗಿ ಆ ಕೆಲಸ ಹೋಯಿತು. ಅರ್ಜಿಯಲ್ಲಿದ್ದ ಅಂಕಿ ಮಾತ್ರ ಹಾಗೇ ಉಳಿಯಿತು. ಅದನ್ನು ಇಳಿಸಿ ಬರೆಯಬೇಕೆಂದು ಯಾರಿಗೆ ಹೊಳೆಯುತ್ತದೆ? ಆ್ಯಪು ಆಗಾಗ ನಿಮ್ಮ ಆದಾಯ ಅಪ್‌ಡೇಟ್ ಮಾಡಿ ಎಂದು ಕೇಳುತ್ತಿತ್ತಂತೆ. ಭಾವ ಪ್ರತಿ ಸಲವೂ ಜಾಹೀರಾತು ಎಂದುಕೊಂಡು ತಳ್ಳಿಹಾಕಿದ್ದರು.

ಕಂಪನಿಗಳ ದಿಗಿಲು ಬರೀ ಕಲ್ಪನೆಯಲ್ಲ, ಇದನ್ನು ಒಪ್ಪಲೇಬೇಕು. ‘ಬಸ್ಟ್ ಔಟ್’ ಎಂಬ ಮೋಸವಿದೆ. ವರ್ಷಗಟ್ಟಲೆ ಸಾಧುವಿನಂತೆ ಬಿಲ್ಲು ಕಟ್ಟುತ್ತಾ ಮಿತಿ ಏರಿಸಿಕೊಳ್ಳುವುದು, ಒಂದು ದಿನ ಎಲ್ಲ ಕಾರ್ಡುಗಳನ್ನೂ ತಳದವರೆಗೆ ಬರಿದು ಮಾಡಿ ನಾಪತ್ತೆಯಾಗುವುದು. 2013ರ ಫೆಬ್ರುವರಿಯಲ್ಲಿ ಇದೇ ನ್ಯೂಜೆರ್ಸಿಯಲ್ಲಿ 18 ಜನರ ಮೇಲೆ ಕೇಂದ್ರ ಸರ್ಕಾರ ಮೊಕದ್ದಮೆ ಹೂಡಿತು. ಆರೋಪಪಟ್ಟಿಯ ಲೆಕ್ಕದಂತೆ ಅವರು ಹುಟ್ಟಿಸಿದ ಸುಳ್ಳು ಮನುಷ್ಯರು 7,000ಕ್ಕೂ ಹೆಚ್ಚು. ಅವರ ಹೆಸರಲ್ಲಿ ಪಡೆದ ಕಾರ್ಡುಗಳು ಇಪ್ಪತ್ತೈದು ಸಾವಿರದಷ್ಟು. ನಷ್ಟ 20 ಕೋಟಿ ಡಾಲರು. ಜೆರ್ಸಿ ಸಿಟಿಯ ಕೆಲವು ಆಭರಣದಂಗಡಿಗಳ ಯಂತ್ರಗಳಲ್ಲಿ ಆ ಕಾರ್ಡುಗಳನ್ನು ಉಜ್ಜಲಾಗಿತ್ತು. ಮಾರಿದ ಬಂಗಾರವಿಲ್ಲ, ಬಿಲ್ಲು ಮಾತ್ರ ಇತ್ತು. ಇಂಥದ್ದನ್ನು ಒಮ್ಮೆ ಕಂಡ ಕಂಪನಿಗೆ, ಮೊಮ್ಮಗಳ ಬಳೆಯೂ ಮೊದಲು ಹಾಗೇ ಕಂಡರೆ ಅಚ್ಚರಿಯೇನಿಲ್ಲ.

ಮೋಸವಲ್ಲದ ತರಲೆಯೂ ಉಂಟು. ಒಂದು ಡಾಲರಿನ ನಾಣ್ಯ ಜನರ ಕೈಗೆ ಹೋಗಲಿ ಎಂದು ಅಮೆರಿಕದ ಟಂಕಸಾಲೆ 2008ರಿಂದ ಮುಖಬೆಲೆಗೇ, ಸಾಗಣೆ ಖರ್ಚನ್ನು ತಾನೇ ಹೊತ್ತು, ಮನೆಬಾಗಿಲಿಗೆ ನಾಣ್ಯದ ಪೆಟ್ಟಿಗೆ ಕಳಿಸುತ್ತಿತ್ತು. ವಿಮಾನದ ಪಾಯಿಂಟುಗಳ ಹುಚ್ಚು ಹಿಡಿದವರು ಸಾವಿರಾರು ಡಾಲರಿನ ನಾಣ್ಯಗಳನ್ನು ಕಾರ್ಡಿನಲ್ಲಿ ಕೊಂಡು, ಪೆಟ್ಟಿಗೆಯನ್ನು ಹಾಗೇ ಬ್ಯಾಂಕಿಗೆ ಹೊತ್ತು, ಖಾತೆಗೆ ಸುರಿದು, ಅದೇ ದುಡ್ಡಿನಿಂದ ಬಿಲ್ಲು ಕಟ್ಟಿದರು. ಟ್ರಕ್ಕಿನಲ್ಲಿ ಬಂದ ನಾಣ್ಯ ಟ್ರಕ್ಕಿನಲ್ಲೇ ವಾಪಸು. ಇವರಿಗೆ ಪುಕ್ಕಟೆ ವಿಮಾನ. 2011ರ ಜುಲೈಯಲ್ಲಿ ಟಂಕಸಾಲೆ ಅದಕ್ಕೆ ಕ್ರೆಡಿಟ್ ಕಾರ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಈ ಜಾಣರು ಆಮೇಲೆ ಗಿಫ್ಟ್ ಕಾರ್ಡುಗಳ ಕಡೆ ತಿರುಗಿದರು. ಕಂಪನಿಯ ಕಣ್ಣೂ ಅವರ ಹಿಂದೆಯೇ ತಿರುಗಿತು.

ಆದರೆ ಆ ಕಣ್ಣು ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2008ರ ಕೊನೆಯ ತಿಂಗಳುಗಳೇ ಸಾಕ್ಷಿ. ಬ್ಯಾಂಕುಗಳು ಒಂದರ ಹಿಂದೊಂದು ಉರುಳುತ್ತಿದ್ದ ಹೊತ್ತು. ಅಟ್ಲಾಂಟಾದ ಒಬ್ಬ ಯುವ ಉದ್ಯಮಿ ಮಧುಚಂದ್ರ ಮುಗಿಸಿ ಮನೆಗೆ ಬಂದಾಗ, ಅಮೆರಿಕನ್ ಎಕ್ಸ್‌ಪ್ರೆಸ್ ಅವನ ಮಿತಿಯನ್ನು 10,800 ಡಾಲರಿನಿಂದ 3,800ಕ್ಕೆ ಇಳಿಸಿತ್ತು. ಅವನು ಬಾಕಿ ಉಳಿಸಿಕೊಂಡವನಲ್ಲ. ಕಾಗದದಲ್ಲಿ ಕೊಟ್ಟ ಕಾರಣಗಳಲ್ಲಿ ಒಂದು ಹೀಗಿತ್ತು: ನೀವು ಇತ್ತೀಚೆಗೆ ಖರೀದಿ ಮಾಡಿದ ಕಡೆಗಳಲ್ಲಿ ಕಾರ್ಡು ಬಳಸಿದ ಬೇರೆ ಗ್ರಾಹಕರು ನಮಗೆ ಸರಿಯಾಗಿ ತೀರಿಸಿಲ್ಲ.

ಇದನ್ನು ನಾನು ಎರಡು ಸಲ ಓದಿದೆ. ನೀನು ಕಟ್ಟಿದ್ದೀಯ, ಆದರೆ ನೀನು ಸೊಪ್ಪು ಕೊಂಡ ಅಂಗಡಿಯಲ್ಲೇ ಸೊಪ್ಪು ಕೊಂಡ ಇನ್ನೊಬ್ಬ ಕಟ್ಟಿಲ್ಲ. ನಮ್ಮ ಊರಿನ ಉದ್ರಿ ಅಂಗಡಿಯವನು ಅಪ್ಪನ ಬಾಕಿಗೆ ಮಗನನ್ನು ನಿಲ್ಲಿಸಿದ್ದನ್ನು ನೋಡಿದ್ದೇನೆ. ಸಂತೆಯಲ್ಲಿ ಪಕ್ಕ ನಿಂತವನ ಬಾಕಿಗೆ ಯಾರನ್ನೂ ನಿಲ್ಲಿಸಿದ್ದು ನೋಡಿಲ್ಲ. ಅವನು ಕರಿಯ ಸಮುದಾಯದ ಹುಡುಗ ಎನ್ನುವುದು ಗೊತ್ತಾದಾಗ ಪ್ರಶ್ನೆ ಇನ್ನೂ ಚೂಪಾಯಿತು. ಬಡವರೂ ಕರಿಯರೂ ಹೋಗುವ ಅಂಗಡಿಗಳೇ ಅನುಮಾನದ ಅಂಗಡಿಗಳಾದರೆ, ಬಣ್ಣದ ಹೆಸರೆತ್ತದೆಯೇ ಬಣ್ಣ ನೋಡಿದಂತಾಗಲಿಲ್ಲವೇ? ಅಂಗಡಿಗಳ ಕಪ್ಪುಪಟ್ಟಿ ನಮ್ಮಲ್ಲಿಲ್ಲ ಎಂದಿತು ಕಂಪನಿ. 2009ರ ಆರಂಭದಲ್ಲಿ ಅದೇ ಕಂಪನಿ ಕೆಲವು ಗ್ರಾಹಕರಿಗೆ, ಬಾಕಿಯೆಲ್ಲ ತೀರಿಸಿ ಖಾತೆ ಮುಚ್ಚಿಕೊಂಡು ಹೋದರೆ 300 ಡಾಲರು ಕೊಡುತ್ತೇವೆ ಎಂದಿತು. ಹಬ್ಬಕ್ಕೆ ಕರೆದು, ಹೊರಡಲು ಬಸ್ ಚಾರ್ಜು ಕೊಟ್ಟಂತೆ.

ಅಟ್ಲಾಂಟಾದ್ದೇ ಇನ್ನೊಂದು ಕಥೆ. ಕಾಂಪುಕ್ರೆಡಿಟ್ ಎಂಬ ಕಂಪನಿ ಬಡ ಗ್ರಾಹಕರಿಗೆ ಕಾರ್ಡು ಕೊಡುತ್ತಿತ್ತು. ಅವರು ಕಾರ್ಡನ್ನು ಎಲ್ಲಿ ಉಜ್ಜುತ್ತಾರೆ ಎಂದು ನೋಡಿ, ಹೇಳದೆಯೇ ಮಿತಿ ಇಳಿಸುತ್ತಿತ್ತು ಎಂದು 2008ರಲ್ಲಿ ಕೇಂದ್ರ ವ್ಯಾಪಾರ ಆಯೋಗ ಮೊಕದ್ದಮೆ ಹಾಕಿತು. ಆ ಪಟ್ಟಿಯಲ್ಲಿ ಬಾರು, ಬಿಲಿಯರ್ಡ್ಸ್ ಕೋಣೆ, ಗಿರವಿ ಅಂಗಡಿಗಳಿದ್ದವು. ಟೈರಿಗೆ ಮರುಪದರ ಹಾಕಿಸುವ ಅಂಗಡಿಯೂ ಇತ್ತು, ದಾಂಪತ್ಯ ಸಲಹೆಗಾರರ ಕೊಠಡಿಯೂ ಇತ್ತು. ಹಳೆ ಟೈರನ್ನೇ ಸರಿಮಾಡಿಸಿಕೊಂಡು ಓಡಿಸುವವನು ಉಳಿತಾಯಗಾರ ಎಂದು ನಾವಂದುಕೊಂಡರೆ, ಯಂತ್ರ ಇವನ ಹತ್ತಿರ ಹೊಸ ಟೈರಿಗೆ ದುಡ್ಡಿಲ್ಲ ಎಂದು ಓದಿಕೊಳ್ಳುತ್ತದೆ. ಗಂಡಹೆಂಡಿರ ಜಗಳ ಬಿಡಿಸಿಕೊಳ್ಳಲು ಹೋದರೆ, ಇವರು ಬೇರೆಯಾಗಬಹುದು, ಬೇರೆಯಾದರೆ ಕಂತು ತಪ್ಪಬಹುದು. ಆ ವರ್ಷದ ಕೊನೆಗೆ ಕಂಪನಿ ರಾಜಿಗೆ ಬಂದು, 11 ಕೋಟಿ ಡಾಲರಿಗೂ ಹೆಚ್ಚನ್ನು ಗ್ರಾಹಕರ ಖಾತೆಗೆ ಹಿಂತಿರುಗಿಸಲು ಒಪ್ಪಿತು.

ಇಷ್ಟಾಗಿ ಆ ಯಂತ್ರ ಹೇಳುವುದು ಸುಳ್ಳೇ ಎಂದರೆ, ಅಲ್ಲ. ಕಸಿವಿಸಿಯಾಗುವುದೇ ಅಲ್ಲಿ. ಕೆನಡಾದ ಕೆನಡಿಯನ್ ಟೈರ್ ಎಂಬ ಅಂಗಡಿ ಸಮೂಹದ ಅಧಿಕಾರಿಯೊಬ್ಬರು 2002ರಲ್ಲಿ ತಮ್ಮ ಕಾರ್ಡಿನ ಗ್ರಾಹಕರು ಏನೇನು ಕೊಂಡರು ಎಂಬ ಲೆಕ್ಕವನ್ನೆಲ್ಲ ಜಾಲಾಡಿದರು. ಕುರ್ಚಿ ಕಾಲಿನಡಿ ನೆಲ ಗೀರದಂತೆ ಅಂಟಿಸುವ ಬಟ್ಟೆಯ ಬಿಲ್ಲೆಗಳಿರುತ್ತವಲ್ಲ, ಅವನ್ನು ಕೊಂಡವರು ಬಹುಪಾಲು ಕಂತು ತಪ್ಪಿಸುತ್ತಿರಲಿಲ್ಲ. ಹಕ್ಕಿಗೆ ಕಾಳು ಕೊಂಡವರೂ ಹಾಗೇ. ಕಾರಿಗೆ ಕ್ರೋಮಿನ ತಲೆಬುರುಡೆ ಸಿಕ್ಕಿಸುವವರು ತಪ್ಪಿಸುತ್ತಿದ್ದರು. ಅಗ್ಗದ ಎಂಜಿನ್ ಆಯಿಲ್ ಕೊಂಡವರೂ ಅಷ್ಟೇ. ಮಾಂಟ್ರಿಯಲ್ಲಿನ ಒಂದು ಬಾರಿನಲ್ಲಿ ಆ ಕಾರ್ಡು ಬಳಸಿದವರಲ್ಲಿ ನೂರಕ್ಕೆ 47 ಜನ ಒಂದು ವರ್ಷದಲ್ಲಿ ನಾಲ್ಕು ಕಂತು ತಪ್ಪಿಸಿದ್ದರು. ಗುಂಪಿನ ಬಗ್ಗೆ ಇದು ನಿಜ. ಆ ಗುಂಪಿನಲ್ಲಿ ನಿಂತ ನಿಮ್ಮ ಬಗ್ಗೆ ನಿಜವೇ? ಯಂತ್ರಕ್ಕೆ ಅದರ ಅಗತ್ಯವಿಲ್ಲ. ನೂರರಲ್ಲಿ 47 ಸರಿಹೋದರೆ ಅದರ ಲಾಭನಷ್ಟ ಸರಿಹೋಗುತ್ತದೆ. ಉಳಿದ 53 ಜನ ಗಲ್ಲಾದ ಮುಂದೆ ಕೆಂಪಗಾದರೆ ಅದು ಯಾವ ಖಾತೆಯಲ್ಲೂ ಜಮೆಯಾಗುವುದಿಲ್ಲ. ಕಾರ್ಡ್ ಆ್ಯಕ್ಟ್ ಇದನ್ನು ನಿಷೇಧಿಸಲಿಲ್ಲ. ಗ್ರಾಹಕ ಎಲ್ಲಿ, ಏನು ಕೊಂಡ ಎಂಬುದನ್ನು ಸಾಲ ಕೊಡುವವರು ಹೇಗೆ ಬಳಸುತ್ತಿದ್ದಾರೆ ಎಂದು ಅಧ್ಯಯನ ಮಾಡಿ ವರದಿ ಕೊಡಿ ಎಂದು ಫೆಡರಲ್ ರಿಸರ್ವ್‌ಗೆ ಹೇಳಿತು. ವರದಿ 2010ರಲ್ಲಿ ಬಂತು.

ಅಕ್ಕನ ಮನೆಯಲ್ಲಿ ಆ ಎರಡೂವರೆ ವಾರ ಕಳೆದದ್ದು ಸಣ್ಣಸಣ್ಣ ಕೀಂಗಳಲ್ಲಿ. ಎಲ್ಲದಕ್ಕೂ ಆ ಒಂದೇ ಕಂಪನಿಯ ಕಾರ್ಡು ಕಟ್ಟಿಟ್ಟಿದ್ದರು. ಹೆದ್ದಾರಿಯ ಟೋಲಿನ ಖಾತೆ ಬರಿದಾಗಿ ಸಂದೇಶ ಬಂತು. ಫೋನಿನ ಬಿಲ್ಲು ವಾಪಸಾಯಿತು. ಮಗಳ ಭರತನಾಟ್ಯದ ಮೇಡಮ್ಮು, ಕನ್ನಡದವರೇ, ವಾಟ್ಸ್ಆ್ಯಪಿನಲ್ಲಿ ‘ಫೀಸ್ ಬಂದಿಲ್ಲ ಅನ್ಸುತ್ತೆ, ಒಂದ್ಸಲ ನೋಡ್ತೀರಾ’ ಎಂದು ಕೈಮುಗಿಯುವ ಚಿತ್ರದ ಜೊತೆ ಕಳಿಸಿದರು. ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆ ಕೈಮುಗಿಯುವ ಚಿತ್ರ. ಈ ನಡುವೆ ತಿಂಗಳ ಬಿಲ್ಲು ಮಾತ್ರ ಕರಾರುವಾಕ್ಕಾಗಿ ಬಂತು. ಖರ್ಚಿಗೆ ಬಿದ್ದ ಬೀಗ ಸಾಲಕ್ಕೆ ಬೀಳುವುದಿಲ್ಲ. ಭಾವ ಪೂರ್ತಿ ಕಟ್ಟಿದರು, ಎರಡು ದಿನ ಮೊದಲೇ. ಅದನ್ನೂ ಯಂತ್ರ ಅನುಮಾನದಿಂದ ನೋಡಿದರೆ ಎಂದು ನಾನು ತಮಾಷೆ ಮಾಡಿದೆ. ಯಾರೂ ನಗಲಿಲ್ಲ.

ಹದಿನೆಂಟನೆಯ ದಿನ ಖಾತೆ ತೆರೆಯಿತು. ಮಿತಿ ಅರ್ಧಕ್ಕಿಂತ ಕೆಳಗೆ. ಅಮೆರಿಕದಲ್ಲಿ ಸಾಲದ ವಿಷಯದಲ್ಲಿ ಯಾವುದೇ ಪ್ರತಿಕೂಲ ನಿರ್ಧಾರ ತೆಗೆದುಕೊಂಡರೆ 30 ದಿನದೊಳಗೆ ತಿಳಿಸಬೇಕು, ಕೇಳಿದರೆ ಕಾರಣವನ್ನೂ ಹೇಳಬೇಕು ಎಂಬ ಕಾನೂನಿದೆ. ಭಾವನಿಗೆ ಬಂದ ಕಾರಣ ಒಂದೇ ಸಾಲು: ಆದಾಯಕ್ಕೆ ಹೋಲಿಸಿದರೆ ಸಾಲದ ಮಿತಿ ಹೆಚ್ಚು. ಬಳೆಯ ಮಾತಿಲ್ಲ, ಟಿಕೆಟ್ಟಿನ ಮಾತಿಲ್ಲ. ನಾವು ಮಾಡಿದ್ದ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೆ ಹಾಗೇ ಅಂಟಿಕೊಂಡಿತ್ತು.

ಮಿತಿ ಇಳಿದರೆ ಇಳಿಯಲಿ, ಖರ್ಚು ಕಡಿಮೆಯಾದೀತು ಎಂದು ಅಮ್ಮ ಅಂದಳು. ವಿಷಯ ಅಷ್ಟು ಸರಳವಿಲ್ಲ. ಅಲ್ಲಿನ ಕ್ರೆಡಿಟ್ ಸ್ಕೋರಿನಲ್ಲಿ ಸುಮಾರು ನೂರಕ್ಕೆ 30 ಪಾಲು ನೀವು ಎಷ್ಟು ಸಾಲದಲ್ಲಿದ್ದೀರಿ ಎಂಬುದರ ಮೇಲೆ ನಿಂತಿರುತ್ತದೆ. ಅದರಲ್ಲಿ ಮುಖ್ಯವಾದದ್ದು ಕೊಟ್ಟ ಮಿತಿಯಲ್ಲಿ ಎಷ್ಟು ಬಳಸಿದ್ದೀರಿ ಎಂಬ ಲೆಕ್ಕ. ಇಪ್ಪತ್ತು ಸಾವಿರದ ಮಿತಿಯಲ್ಲಿ ನಾಲ್ಕು ಸಾವಿರ ಬಳಸಿದರೆ ನೀವು ಹಿತಮಿತ. ಮಿತಿಯನ್ನು ಎಂಟು ಸಾವಿರಕ್ಕೆ ಇಳಿಸಿಬಿಟ್ಟರೆ ಅದೇ ನಾಲ್ಕು ಸಾವಿರಕ್ಕೆ ನೀವು ಅರ್ಧ ಮುಳುಗಿದವರು. ನೀವು ಒಂದು ಸೆಂಟು ಹೆಚ್ಚು ಖರ್ಚು ಮಾಡಿಲ್ಲ. ಸ್ಕೋರು ಇಳಿದದ್ದನ್ನು ಇನ್ನೊಂದು ಬ್ಯಾಂಕು ನೋಡುತ್ತದೆ. ಅದಕ್ಕೂ ಅನುಮಾನ ಹುಟ್ಟುತ್ತದೆ. ಮನೆ ಸಾಲದ ಬಡ್ಡಿ ಗೊತ್ತಾಗುವುದೂ ಇದೇ ಅಂಕಿಯಿಂದ. ಗೃಹಪ್ರವೇಶಕ್ಕೆ ಮೊದಲೇ ಮನೆ ಸಾಲ ಮುಗಿಸಿಕೊಂಡಿದ್ದು ಭಾವನ ಪುಣ್ಯ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರ ಪಾಡು ಇನ್ನೂ ನಾಜೂಕು. ಕೆಲಸ ಹೋದರೆ ಇನ್ನೊಂದು ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಕಾರ್ಡು ನಿಜವಾಗಿ ಬೇಕಾಗುವುದು ಆ 60 ದಿನದಲ್ಲೇ. ಆಗ ಯಾರಾದರೂ ಫೋನು ಮಾಡಿ ಕೆಲಸ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು?

ನಮ್ಮ ಕಡೆಗೂ ಈ ಗಾಳಿ ಬಾರದೇ ಇಲ್ಲ. ಬೆಂಗಳೂರಿನಲ್ಲಿ ಕಾರ್ಡ್ ಉಜ್ಜಿ ಕ್ಯಾಶ್ ಕೊಡುವ ಅಂಗಡಿಗಳು ಎಲ್ಲಿವೆ ಎಂದು ಕೇಳಿದರೆ ಆಟೋದವರೂ ಹೇಳುತ್ತಾರೆ. ನೂರಕ್ಕೆ ಎರಡೋ ಮೂರೋ ಹಿಡಿದುಕೊಂಡು ಉಳಿದದ್ದು ಕೈಗೆ. ಒಂದು ಕಾರ್ಡಿನಿಂದ ತೆಗೆದು ಇನ್ನೊಂದಕ್ಕೆ ಕಟ್ಟುತ್ತಾ ತಿಂಗಳು ತಳ್ಳುವವರಿದ್ದಾರೆ. ಅದೇ ನಗರದ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಅಮೆರಿಕದ ಬ್ಯಾಂಕುಗಳ ತಂತ್ರಜ್ಞಾನ ಕಚೇರಿಗಳೂ ಇವೆ. ಭಾವನ ಕಾರ್ಡಿಗೆ ಕೀಂ ಅನ್ನಲು ಹೇಳಿದ ಸಾಲುಗಳನ್ನು ಬರೆದವನು ಮಾರತಹಳ್ಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಯಾವನೋ ಹುಬ್ಬಳ್ಳಿ ಹುಡುಗನಿದ್ದರೂ ಇರಬಹುದು.

ಕಾನೂನಿನ ಮಟ್ಟಿಗೆ ನಾವು ಕೆಲವು ಕಡೆ ವಾಸಿ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ ನಿಮ್ಮ ಒಪ್ಪಿಗೆಯಿಲ್ಲದೆ ಮಿತಿ ಏರಿಸುವ ಹಾಗಿಲ್ಲ; ಇಳಿಸಿದರೆ ತಿಳಿಸಬೇಕು. ಗಮನಿಸಿ, ಏರಿಸಲು ಒಪ್ಪಿಗೆ ಬೇಕು, ಇಳಿಸಲು ತಿಳಿಸಿದರೆ ಸಾಕು. 2023ರ ನವೆಂಬರಿನಲ್ಲಿ ಸಾಲಕ್ಕೆದುರಾಗಿ ಎಷ್ಟು ಬಂಡವಾಳ ತೆಗೆದಿಡಬೇಕೆಂದು ಗೊತ್ತುಮಾಡುವ ‘ಅಪಾಯದ ತೂಕ’ವನ್ನು ಬ್ಯಾಂಕುಗಳ ಕಾರ್ಡು ಸಾಲಕ್ಕೆ ನೂರಕ್ಕೆ 125ರಿಂದ 150ಕ್ಕೆ ಏರಿಸಿದ್ದರಿಂದ, ಹಂಚುವಾಗ ಬ್ಯಾಂಕುಗಳ ಕೈ ಕೊಂಚ ಬಿಗಿಯಾಗಬೇಕು. ತೆರಿಗೆ ಇಲಾಖೆಗೆ ಹೋಗಿ ಕೇಳುವ ಪ್ರಮೇಯವೇ ಇಲ್ಲಿ ತಿರುವುಮುರುವು. ವರ್ಷಕ್ಕೆ ನಗದಿನಲ್ಲಿ 1 ಲಕ್ಷ, ಬೇರೆ ದಾರಿಯಲ್ಲಿ 10 ಲಕ್ಷ ರೂಪಾಯಿ ಮುಟ್ಟಿದ ಕಾರ್ಡು ಬಿಲ್ಲುಗಳ ಲೆಕ್ಕವನ್ನು ಬ್ಯಾಂಕೇ ಇಲಾಖೆಗೆ ಒಪ್ಪಿಸುತ್ತದೆ. ಅಲ್ಲಿ ಸಾಲ ಕೊಟ್ಟವನು ತೆರಿಗೆಯವನನ್ನು ಕೇಳುತ್ತಾನೆ, ಇಲ್ಲಿ ತೆರಿಗೆಯವನು ಸಾಲ ಕೊಟ್ಟವನನ್ನು. ಈಗ ನಮ್ಮಲ್ಲೂ ಬೈಕಿನ ಹುಡುಗ ಬರುವುದು ಕಡಿಮೆ. ಮೊಬೈಲು ತೆರೆದರೆ ಪೂರ್ವಾನುಮೋದಿತ ಕಾರ್ಡು, ಒಂದು ಬಟನ್ ಒತ್ತಿದರೆ ಆಯಿತು, ಕಾಗದವೇ ಬೇಡ ಎಂದು ಬ್ಯಾಂಕೇ ದುಂಬಾಲು ಬೀಳುತ್ತದೆ. ಕಾಗದ ಬೇಡ ಎಂದಾಗೆಲ್ಲ ನನಗೀಗ ಭಾವನ ಊಟದ ಮೇಜು ನೆನಪಾಗುತ್ತದೆ.

ನಾವು ಹೊರಡುವ ಹಿಂದಿನ ರಾತ್ರಿ, ಸೂಟ್‌ಕೇಸುಗಳನ್ನು ತೂಕದ ಯಂತ್ರದ ಮೇಲೆ ಹತ್ತಿಸಿ ಇಳಿಸುವ ಗಲಾಟೆ ಮುಗಿದ ಮೇಲೆ, ಅಮ್ಮ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು.

“ಅಳಿಯಂದಿರೆ, ಅವತ್ತಿನ ನೂರ ಹನ್ನೆರಡು.”

“ಅಯ್ಯೋ ಅತ್ತೆ, ಮರೆತೇ ಹೋಗಿತ್ತು. ಇವನ ಖಾತೆಗೆ ಹಾಕಿಬಿಡ್ತೀನಿ” ಎಂದು ಭಾವ ಮೊಬೈಲು ತೆಗೆದರು.

“ಖಾತೆಗೀತೆ ಬೇಡಪ್ಪ. ನೋಟೇ ಕೊಡಿ.”

ಭಾವ ಒಳಗೆ ಹೋಗಿ ಎಲ್ಲೆಲ್ಲೋ ಹುಡುಕಿ ಆರು ಇಪ್ಪತ್ತರ ನೋಟು ತಂದು ಕೊಟ್ಟರು. ಚಿಲ್ಲರೆ ಇರಲಿ ಎಂದರು. ಅಮ್ಮ ಇರಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಒಂದೊಂದೇ ನೋಟನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು, ದೀಪದ ಬೆಳಕಿಗೆ ಎತ್ತಿ, ಈಚೆ ತಿರುಗಿಸಿ ಆಚೆ ತಿರುಗಿಸಿ ನೋಡಿದಳು. ಆರನೆಯದರ ಅಂಚು ಕೊಂಚ ಹರಿದಿತ್ತು. ಅದನ್ನು ಭಾವನ ಕಡೆ ಚಾಚಿ, “ಇದೊಂದು ಬದಲಾಯಿಸಿ ಕೊಡಿ” ಎಂದಳು.